ಹಾಡಿಗೆ ಕತ್ತರಿ ಹಾಕುವ ಮುನ್ನ

ಮಾನ್ಯ ಸಂಪಾದಕರಿಗೆ ವಂದನೆಗಳು.

ಕನ್ನಡ ಚಿತ್ರಗಳಿಂದ ಹಾಡುಗಳನ್ನು ಪೂರ್ತಿ ಕಿತ್ತುಹಾಕಬೇಕು ಎಂದು ಒಬ್ಬ ಓದುಗರು ಹೋದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ಹಾಡು ಬಂದರೆ ಕಥೆ ನಿಂತುಹೋಗುತ್ತದೆ, ಜನ ಬೀಡಿ ಸೇದಲು ಎದ್ದು ಹೋಗುತ್ತಾರೆ, ಹೊರಗಿನವರು ನಮ್ಮ ಚಿತ್ರಗಳನ್ನು ಲೆಕ್ಕಕ್ಕೇ ಹಿಡಿಯದಿರಲು ಹಾಡುಗಳೇ ಕಾರಣ ಎಂಬುದು ಅವರ ವಾದ. ಬೀಡಿಯ ಮಾತು ನಿಜ. ಅದನ್ನು ಕಣ್ಣಾರೆ ಕಂಡವನು ನಾನು. ಹಳೆಯ ಚಿತ್ರದುರ್ಗ ಜಿಲ್ಲೆಯ ಟೂರಿಂಗ್ ಟಾಕೀಸುಗಳಲ್ಲಿ, ಆಮೇಲೆ ದಾವಣಗೆರೆಯ ಟಾಕೀಸೊಂದರಲ್ಲಿ ಆಪರೇಟರ್ ಆಗಿ ದುಡಿದು ಈಗ ಮನೆಯಲ್ಲಿದ್ದೇನೆ. ಹೊಳಲ್ಕೆರೆ, ಹೊಸದುರ್ಗ, ಜಗಳೂರು, ಚಳ್ಳಕೆರೆ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಟೆಂಟು ಹಾಕಿದಾಗ ಮೆಷಿನ್ನಿನ ಹಿಂದೆ ನಿಂತಿದ್ದೇನೆ. ‘ನಮೋ ವೆಂಕಟೇಶ’ ರೆಕಾರ್ಡು ಹಾಕಿದರೆ ಟಿಕೆಟ್ ಕೊಡಲು ಶುರು ಎಂದು ಊರಿಗೆಲ್ಲ ಗೊತ್ತಾಗುತ್ತಿದ್ದ ಕಾಲ ಅದು.

ಕ್ಯಾಬಿನ್ನಿನ ಕಿಂಡಿಯಿಂದ ಪರದೆ ಹೇಗೆ ಕಾಣುತ್ತದೋ ಜನರ ತಲೆಗಳೂ ಹಾಗೇ ಕಾಣುತ್ತವೆ. ಯಾವ ಹಾಡಿಗೆ ನೆಲದಲ್ಲಿ ಕೂತವರು ಎದ್ದು ಹೊರಟರು, ಯಾವ ಹಾಡಿಗೆ ಹೊರಗಿದ್ದವರು ಅರ್ಧ ಸೇದಿದ ಬೀಡಿ ಎಸೆದು ಒಳಗೆ ಓಡಿಬಂದರು ಎಂಬುದನ್ನು ದಿನವೂ ನೋಡುತ್ತಿದ್ದೆ. ಮೆಚ್ಚಿನ ನಿರ್ದೇಶಕರು ಯಾರು, ಮೆಚ್ಚಿನ ಹಾಡುಗಳು ಯಾವುವು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಆ ಕಿಂಡಿಯಿಂದಲೇ ಬರುತ್ತದೆ.

ಹಾಡಿಗೆ ಕತ್ತರಿ ಹಾಕುವ ಕೆಲಸವೂ ನನಗೆ ಹೊಸದಲ್ಲ. ಚಿತ್ರ ಉದ್ದವಾಗಿದ್ದರೆ ಮೊದಲ ಆಟ ಬಿಡುವುದು ತಡವಾಗುತ್ತದೆ, ಎರಡನೇ ಆಟಕ್ಕೆ ಬಂದವರು ಗಲಾಟೆ ಮಾಡುತ್ತಾರೆ. ಅದಕ್ಕಾಗಿ ಒಬ್ಬ ಮಾಲೀಕರು ಡಬ್ಬಿ ಬಂದ ದಿನವೇ ಎರಡು ಹಾಡು ತೆಗೆಸಿಬಿಡುತ್ತಿದ್ದರು. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ನಾಲ್ಕು ನಿಮಿಷದ ಹಾಡೆಂದರೆ 360 ಅಡಿ. ಅಷ್ಟನ್ನು ಸುತ್ತಿ ಡಬ್ಬಿಯಲ್ಲೇ ಇಟ್ಟು, ಉಳಿದ ಎರಡು ತುದಿಗಳ ಎಮಲ್ಷನ್, ಅಂದರೆ ಚಿತ್ರ ಮೂಡಿರುವ ಲೇಪ ಕೆರೆದು, ಫಿಲ್ಮ್ ಸಿಮೆಂಟ್ ಎಂಬ ಅಂಟು ಹಚ್ಚಿ ಅಂಟಿಸಬೇಕು. ಆದರೆ ಪ್ರೊಜೆಕ್ಟರಿನಲ್ಲಿ ಚಿತ್ರಕ್ಕೆ ಬೆಳಕು ಬೀಳುವ ಜಾಗ ಮೇಲೆ, ಧ್ವನಿ ಓದುವ ಜಾಗ ಕೆಳಗೆ. ಹಾಗಾಗಿ ಫಿಲ್ಮಿನ ಅಂಚಿನಲ್ಲಿರುವ ಧ್ವನಿಯ ಪಟ್ಟಿ ತನ್ನ ಚಿತ್ರಕ್ಕಿಂತ ಸುಮಾರು 20 ಫ್ರೇಮು ಮುಂದಿರುತ್ತದೆ. ಚಿತ್ರ ನೋಡಿಕೊಂಡು ಎಷ್ಟೇ ಜೋಪಾನವಾಗಿ ಕತ್ತರಿಸಿದರೂ, ಮುಂದಿನ ದೃಶ್ಯ ಪರದೆಗೆ ಬಂದ ಮೇಲೂ ತೆಗೆದ ಹಾಡಿನ ಮೊದಲ ಚೂರು ಒಂದು ಕ್ಷಣ ಕೇಳಿಸಿಯೇ ತೀರುತ್ತದೆ. ಕೊಳಲೋ ತಬಲಾವೋ ಒಂದೇಟು ನುಡಿದು ನಿಂತುಬಿಡುತ್ತದೆ. ಜನಕ್ಕೆ ತಕ್ಷಣ ಗೊತ್ತಾಗುತ್ತಿತ್ತು. ಹಾಡು ಚೆನ್ನಾಗಿದ್ದರೆ ಟೆಂಟಿನ ತುಂಬ ಕೂಗು.

ಈ ಕೆಲಸ ಮಾಡುತ್ತಲೇ ನನಗೊಂದು ಸಂಗತಿ ಮನದಟ್ಟಾಯಿತು. ಕೆಲವು ಚಿತ್ರಗಳಲ್ಲಿ ಹಾಡು ತೆಗೆದರೆ ಯಾರೂ ಕೇಳುವುದಿಲ್ಲ. ಕೆಲವು ಚಿತ್ರಗಳಲ್ಲಿ ತೆಗೆದರೆ ಮುಂದಿನ ರೀಲಿಗೆ ಅರ್ಥವೇ ಇರುವುದಿಲ್ಲ. ಎರಡೂ ಕಡೆ ರಾಗ ಚೆನ್ನಾಗಿರಬಹುದು, ಸಾಹಿತ್ಯ ಚೆನ್ನಾಗಿರಬಹುದು, ಹಾಡಿದವರು ಒಬ್ಬರೇ ಆಗಿರಬಹುದು. ಹಾಡನ್ನು ಎಲ್ಲಿ ಇಟ್ಟ, ಯಾಕೆ ಇಟ್ಟ ಎಂಬುದರಲ್ಲಿ ನಿರ್ದೇಶಕ ಸಿಕ್ಕಿಬೀಳುತ್ತಾನೆ. ಓದುಗರ ಸಿಟ್ಟು ಹಾಡಿನ ಮೇಲೆ ತಿರುಗಿದೆ. ಅದು ತಿರುಗಬೇಕಾದದ್ದು ಕಿವಿಯಿಲ್ಲದ ನಿರ್ದೇಶಕರ ಮೇಲೆ.

ಕಿವಿಯಿದ್ದ ನಿರ್ದೇಶಕರೆಂದರೆ ನನ್ನ ಬಾಯಲ್ಲಿ ಮೊದಲು ಬರುವ ಹೆಸರು ಪುಟ್ಟಣ್ಣ ಕಣಗಾಲ್. ದುರ್ಗದ ಸೀಮೆಯವನಾಗಿ ಬೇರೆ ಹೆಸರಿನಿಂದ ಶುರು ಮಾಡುವುದು ನನ್ನಿಂದಾಗದು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರು ಕಾದಂಬರಿಗಳನ್ನು ಸೇರಿಸಿ ಅವರು 1972ರಲ್ಲಿ ‘ನಾಗರಹಾವು’ ಮಾಡಿದರು. ತ.ರಾ.ಸು. ಅವರಿಗೆ ಚಿತ್ರ ಅಷ್ಟಾಗಿ ಹಿಡಿಸಲಿಲ್ಲ ಎಂಬ ಮಾತು ನಮ್ಮ ಕಡೆ ಇಂದಿಗೂ ಇದೆ. ಬರೆದವರಿಗೆ ಆ ಹಕ್ಕು ಇದ್ದೇ ಇದೆ. ಆದರೆ ಟೆಂಟಿನಲ್ಲಿ ಆ ಚಿತ್ರ ಮತ್ತೆ ಮತ್ತೆ ಬಂದಾಗಲೆಲ್ಲ ನಾನು ಕಂಡದ್ದನ್ನು ಹೇಳಬೇಕು.

‘ಕನ್ನಡ ನಾಡಿನ ವೀರ ರಮಣಿಯ’ ಹಾಡು ಶುರುವಾದರೆ ಕೂಸು ಎತ್ತಿಕೊಂಡ ಹೆಂಗಸರೂ ಎದ್ದು ನಿಂತು ನೋಡುತ್ತಿದ್ದರು. ಅವರಲ್ಲಿ ಬಹಳ ಜನ ಕೋಟೆ ಹತ್ತಿದವರು. ಓಬವ್ವನ ಕಿಂಡಿಯಲ್ಲಿ ಬಗ್ಗಿ ನುಸುಳಿದವರು, ತುಪ್ಪದ ಕೊಳದ ಬಂಡೆ ಹತ್ತಿ ಅಂಗಾಲು ಕೆರೆಸಿಕೊಂಡವರು. ತಮಗೆ ಗೊತ್ತಿರುವ ಕಲ್ಲು ಪರದೆಯ ಮೇಲೆ ಬಂದಾಗ, ಅಲ್ಲಿ ಜಯಂತಿ ಒನಕೆ ಎತ್ತಿ ನಿಂತಾಗ, ಅವರ ಪಾಲಿಗೆ ಅದು ಬರೀ ಸಿನಿಮಾ ಆಗಿರಲಿಲ್ಲ. ಕಥೆಯ ದಾರಿ ಹಿಡಿದು ನೋಡಿದರೆ ಈ ಹಾಡಿಲ್ಲದೆಯೂ ನಾಯಕ ರಾಮಾಚಾರಿಯ ಬದುಕು ಮುಂದೆ ಸಾಗುತ್ತದೆ. ಆದರೂ ಅದನ್ನು ತೆಗೆ ಎನ್ನುವ ಧೈರ್ಯ ಆ ಮಾಲೀಕರಿಗೂ ಬರಲಿಲ್ಲ. ಹಟಮಾರಿ ಹುಡುಗನೊಬ್ಬ ಬೆಳೆದ ಊರು ಎಂಥದ್ದು, ಅಲ್ಲಿಯ ಗಾಳಿಯಲ್ಲೇ ಎಂಥ ಹಟ ಇದೆ ಎಂಬುದನ್ನು ಒಂದು ಸಂಭಾಷಣೆಯೂ ಇಲ್ಲದೆ ಹೇಳಿದ ಹಾಡು ಅದು.

ಇನ್ನೊಂದು ವಿಚಾರವನ್ನು ವಿಮರ್ಶಕರು ಬರೆದದ್ದು ನಾನು ಓದಿಲ್ಲ. ವೀರಗಾಥೆಯ ಹಾಡಿಗೆ ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಆರಿಸಿಕೊಂಡ ಕಂಠ ಪಿ.ಬಿ. ಶ್ರೀನಿವಾಸ್ ಅವರದು. ಎಷ್ಟು ಮೆತ್ತಗಿನ ದನಿ! ಅಬ್ಬರಿಸುವ ಗಂಟಲು ಬೇಕಾದಷ್ಟು ಸಿಗುತ್ತಿದ್ದವು. ಅದನ್ನು ಬಿಟ್ಟು, ರಾತ್ರಿ ಅಂಗಳದಲ್ಲಿ ಅಜ್ಜಿ ಮೊಮ್ಮಕ್ಕಳಿಗೆ ಹೇಳುವ ಕಥೆಯ ಹದದಲ್ಲಿ ಓಬವ್ವನನ್ನು ಹಾಡಿಸಿದರು. ‘ಬಾರೆ ಬಾರೆ ಚೆಂದದ ಚೆಲುವಿನ ತಾರೆ’ಗೂ ಪಿ.ಬಿ.ಎಸ್. ಅವರೇ. ಆದರೆ ರಾಮಾಚಾರಿಯ ಎದೆಯ ವಿಷ ಹೊರಗೆ ಬರುವ ‘ಹಾವಿನ ದ್ವೇಷ’ಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಒಬ್ಬನೇ ನಾಯಕ, ಆದರೆ ಪ್ರೀತಿಗೆ ಒಂದು ಕಂಠ, ರೋಷಕ್ಕೆ ಇನ್ನೊಂದು. ಇದು ನಿರ್ದೇಶಕನೂ ಸಂಗೀತ ನಿರ್ದೇಶಕನೂ ಜೊತೆಯಲ್ಲಿ ಕೂತು, ಪಾತ್ರವನ್ನು ಮುಂದಿಟ್ಟುಕೊಂಡು ಯೋಚಿಸಿದರೆ ಮಾತ್ರ ಆಗುವ ಕೆಲಸ. ಸಾಹಿತ್ಯವನ್ನೂ ಒಬ್ಬರಿಂದ ಬರೆಸಲಿಲ್ಲ. ಓಬವ್ವನ ಹಾಡು ಚಿ. ಉದಯಶಂಕರ್ ಅವರದು, ‘ಹಾವಿನ ದ್ವೇಷ’ ಮತ್ತು ‘ಬಾರೆ ಬಾರೆ’ ವಿಜಯನಾರಸಿಂಹ ಅವರವು, ‘ಕರ್ಪೂರದ ಬೊಂಬೆ ನಾನು’ ಆರ್.ಎನ್. ಜಯಗೋಪಾಲ್ ಅವರದು.

‘ಬಾರೆ ಬಾರೆ’ ಸ್ಲೋ ಮೋಷನ್‌ನಲ್ಲಿ ತೆಗೆದ ಹಾಡು. ಕ್ಯಾಮೆರಾವನ್ನು ಸೆಕೆಂಡಿಗೆ 24 ಫ್ರೇಮಿಗಿಂತ ಜೋರಾಗಿ ಓಡಿಸಿ ತೆಗೆದದ್ದನ್ನು ನಾವು 24ರಲ್ಲೇ ಓಡಿಸಿದಾಗ ಚಲನೆ ನಿಧಾನವಾಗುತ್ತದೆ. ಮೊದಲ ಸಲ ನೋಡುವ ಹಳ್ಳಿಯ ಜನ ‘ಆಪರೇಟರ್, ಮೆಷಿನ್ ಸ್ಲೋ ಆಗೇತಿ’ ಎಂದು ಕೂಗುತ್ತಿದ್ದರು. ಸ್ವಲ್ಪ ಹೊತ್ತಿಗೆ, ಹಾಡು ಸರಿಯಾದ ವೇಗದಲ್ಲೇ ಬರುತ್ತಿದೆ, ಪರದೆಯ ಮೇಲಿನ ಕಾಲುಗಳು ಮಾತ್ರ ತೇಲುತ್ತಿವೆ ಎಂದು ತಾವೇ ಕಂಡುಕೊಂಡು ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವಿಕೆಯನ್ನು ಕೇಳಿಸಿಕೊಳ್ಳಲೆಂದೇ ನಾನು ಆ ರೀಲಿನ ಹೊತ್ತಿಗೆ ಕ್ಯಾಬಿನ್ನಿನ ಬಾಗಿಲು ತೆರೆದಿಡುತ್ತಿದ್ದೆ.

ಪುಟ್ಟಣ್ಣನವರ ಉಳಿದ ಚಿತ್ರಗಳ ಬಗ್ಗೆ ಬರೆಯುತ್ತ ಹೋದರೆ ನಿಮ್ಮ ಪುಟ ಸಾಲದು. ಒಂದೇ ಮಾತು: ‘ಬೆಳ್ಳಿ ಮೋಡ’ದಲ್ಲಿ (1967) ಬೇಂದ್ರೆಯವರ ‘ಮೂಡಲ ಮನೆಯ’, ‘ಶರಪಂಜರ’ದಲ್ಲಿ (1971) ಅವರದೇ ‘ಉತ್ತರಧ್ರುವದಿಂ ದಕ್ಷಿಣಧ್ರುವಕೂ’ ಬಂದವು. ಶಾಲೆಯ ಮೆಟ್ಟಿಲು ಹತ್ತದ ಹತ್ತಿ ಗಿರಣಿಯ ಕೂಲಿಗಳ ಬಾಯಿಗೆ ಬೇಂದ್ರೆ ಬಂದದ್ದು ಈ ದಾರಿಯಿಂದ. ದಾವಣಗೆರೆಯ ಗಿರಣಿಗಳ ಪಾಳಿ ಬಿಟ್ಟ ಮೇಲೆ ಸೈಕಲ್ಲಿನಲ್ಲಿ ಹೋಗುತ್ತ ಅಂಬಿಕಾತನಯದತ್ತರನ್ನು ಗುನುಗಿದವರನ್ನು ನಾನು ಬಲ್ಲೆ. ಹಾಡು ತೆಗೆಯಿರಿ ಎನ್ನುವವರು ಇದಕ್ಕೆ ಬದಲಾಗಿ ಏನು ಕೊಡುತ್ತಾರೆ?

ಅದೇ ತ.ರಾ.ಸು., ಅದೇ ದುರ್ಗ, ಆದರೆ ಪೂರ್ತಿ ಬೇರೆಯ ಕಿವಿ: ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’, 1975. ದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅನಂತ್ ನಾಗ್ ಅಭಿನಯ, ಎಂ. ಬಾಲಮುರಳಿಕೃಷ್ಣ ಅವರ ಗಾಯನ. ಆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಇದಕ್ಕೆ ಕತ್ತರಿ ಹಾಕಲು ಸಾಧ್ಯವೇ ಇಲ್ಲ, ಏಕೆಂದರೆ ಇಲ್ಲಿ ಸಂಗೀತವೇ ಕಥೆ. ಒಬ್ಬ ಮನುಷ್ಯ ತನ್ನ ಅಹಂಕಾರ ಕಳೆದುಕೊಂಡು ರಾಗವನ್ನು ಹುಡುಕಿಕೊಂಡು ಹೋಗುವುದನ್ನು ಹಾಡಿನ ಹೊರತು ಬೇರೆ ಯಾವುದರಿಂದ ತೋರಿಸುತ್ತೀರಿ?

ನಮ್ಮ ಟೆಂಟಿಗೆ ಆ ಚಿತ್ರ ಬಂದಾಗ ಜನ ಕಡಿಮೆ ಇದ್ದರು, ಸುಳ್ಳು ಹೇಳಲಾರೆ. ಆದರೆ ಹತ್ತಿರದ ಹಳ್ಳಿಯ ಭಜನೆ ಮೇಳದ ಹಾರ್ಮೋನಿಯಂ ಮೇಷ್ಟ್ರು ಒಬ್ಬರು ದಿನವೂ ಬಂದರು. ಸ್ಪೀಕರಿನ ಪಕ್ಕ ನೆಲದ ಮೇಲೆ ಕೂತು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ನಾನಿದ್ದದ್ದು ಒಂದೇ ಮೆಷಿನ್ನಿನ ಟೆಂಟು. ರೀಲು ಬದಲಿಸಲು ದೀಪ ಹಾಕಿದಾಗ ಒಮ್ಮೆ ಅವರ ಹತ್ತಿರ ಹೋಗಿ, ಹಣ ಕೊಟ್ಟು ಬಂದು ಕಣ್ಣು ಮುಚ್ಚಿ ಕೂರ್ತೀರಲ್ಲ ಮೇಷ್ಟ್ರೇ ಎಂದೆ. ‘ಇವ್ನು ಜನಕ್ಕೆ ಹಾಡ್ತಿಲ್ಲ ಕಣಪ್ಪ, ತನಗೆ ತಾನೇ ಹಾಡ್ಕೊಂತಾನೆ. ಅದನ್ನ ನೋಡಬಾರ್ದು’ ಎಂದರು. ಚಿತ್ರಸಂಗೀತದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಟೆಂಟಿನ ಹರಕು ಸ್ಪೀಕರಿನಲ್ಲೂ ಒಂದು ಆಲಾಪನೆ ಒಬ್ಬ ಮನುಷ್ಯನಿಗೆ ಅಷ್ಟು ಮುಟ್ಟುವಂತೆ ಮಾಡಿದ್ದರಲ್ಲಿ ಬಾಲಮುರಳಿಯವರ ಪಾಲೆಷ್ಟೋ, ಆ ಹಾಡಿಗೆ ಬೇಕಾದಷ್ಟು ಹೊತ್ತು ಬಿಟ್ಟುಕೊಟ್ಟ ಅಯ್ಯರ್ ಅವರ ಪಾಲೂ ಅಷ್ಟೇ.

ಹಾಡಿಲ್ಲದ ಚಿತ್ರಗಳ ಮೇಲೆ ನನಗೆ ತಕರಾರಿಲ್ಲ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನನಗೆ ಪೂಜ್ಯ. ನಾಯಕ ನಾಯಕಿ ಕುಣಿದು ಹಾಡುವ ಸನ್ನಿವೇಶ ಅದರಲ್ಲಿ ಒಂದೂ ಇಲ್ಲ. ಆದರೆ ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಅದೇ ಚಿತ್ರಕ್ಕೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿಯೂ ಬಂತು, ಬಿ.ವಿ. ಕಾರಂತರಿಗೆ. ಹಾಡು ಕಿತ್ತುಹಾಕಿದ ಮಾತ್ರಕ್ಕೆ ಚಿತ್ರ ದೊಡ್ಡದಾಗುವುದಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ? ಅಲ್ಲೂ ಒಬ್ಬರು ಕಿವಿಗೊಟ್ಟು ಕೂತಿದ್ದರು.

ಶಂಕರ್ ನಾಗ್ ಅವರನ್ನು ಜನ ನಟನಾಗಿ ನೆನೆಯುವಷ್ಟು ನಿರ್ದೇಶಕನಾಗಿ ನೆನೆಯುವುದಿಲ್ಲ. ದಾವಣಗೆರೆಯ ಆಟೋಗಳ ಹಿಂದೆ ಅವರ ಚಿತ್ರ ಇಂದಿಗೂ ಇದೆ, ಅದು ‘ಆಟೋ ರಾಜ’ನ ಪ್ರೀತಿ. ನನ್ನ ಪ್ರೀತಿ 1981ರ ‘ಗೀತಾ’ ಮೇಲೆ. ಇಳಯರಾಜ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ. ‘ಸಂತೋಷಕ್ಕೆ ಹಾಡು ಸಂತೋಷಕ್ಕೆ’ ಬಂದಾಗ ಹುಡುಗರು ಪರದೆಯ ಮುಂದೆ ಕುಣಿಯುತ್ತಿದ್ದರು. ನಾಯಕಿಗೆ ವಾಸಿಯಾಗದ ರೋಗ ಎಂದು ಗೊತ್ತಾದ ಮೇಲೆ ‘ಕೇಳದೆ ನಿಮಗೀಗ’ ಬಂದಾಗ ಅದೇ ಹುಡುಗರು ತಲೆ ಎತ್ತುತ್ತಿರಲಿಲ್ಲ. ಎರಡನ್ನೂ ಹಾಡಿದವರು ಎಸ್.ಪಿ.ಬಿ. ಒಂದನೆಯದನ್ನು ಹೊತ್ತು ಉಳಿಸಲೆಂದು ತೆಗೆದುನೋಡಿ, ಎರಡನೆಯದರ ನೋವು ಅರ್ಧಕ್ಕರ್ಧ ಇಳಿದುಹೋಗುತ್ತದೆ. ‘ಜೊತೆಯಲಿ ಜೊತೆ ಜೊತೆಯಲಿ’ ರಾಗ ಮುಂದೆ 1984ರಲ್ಲಿ ತಮಿಳಿಗೆ ಹೋಯಿತು, 2007ರಲ್ಲಿ ‘ಚೀನಿ ಕಮ್’ ಮೂಲಕ ಹಿಂದಿಗೂ ಹೋಯಿತು. ಹೊರಗಿನವರು ನಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದ ಓದುಗರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ನಮ್ಮಲ್ಲೇ ಧ್ವನಿಮುದ್ರಣ ಆಗಬೇಕೆಂದು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದವರೂ ಶಂಕರ್ ನಾಗ್. 1990ರ ಸೆಪ್ಟೆಂಬರ್ 30ರಂದು ನಮ್ಮೂರ ಹತ್ತಿರದ ಆನಗೋಡಿನ ಹೆದ್ದಾರಿಯಲ್ಲಿ ಅವರು ಹೋದರು. ವಯಸ್ಸು 35. ಆನಗೋಡಿನ ಮೇಲೆ ಬಸ್ಸು ಹೋಗುವಾಗ ಈಗಲೂ ನನಗೆ ಮಾತು ಬೇಡವೆನಿಸುತ್ತದೆ. ಇದ್ದಿದ್ದರೆ ಏನೇನು ಮಾಡುತ್ತಿದ್ದರೋ.

ಇನ್ನು ‘ಪ್ರೇಮಲೋಕ’. ಇದನ್ನು ನಾನು ಮೆಚ್ಚಿನ ಪಟ್ಟಿಗೆ ಸೇರಿಸಿದಾಗ ಸಾಹಿತ್ಯ ಬಲ್ಲ ಗೆಳೆಯರು ಮುಖ ತಿರುಗಿಸುತ್ತಾರೆ. ತಿರುಗಿಸಲಿ. 1987ರಲ್ಲಿ ರವಿಚಂದ್ರನ್ ನಿರ್ದೇಶನ, ಹಂಸಲೇಖ ಅವರ ಸಾಹಿತ್ಯ ಮತ್ತು ಸಂಗೀತ. ಅದರಲ್ಲಿ ಹುಡುಗ ಹುಡುಗಿ ಜಗಳವಾಡುವುದು ಹಾಡಿನಲ್ಲಿ, ಛೇಡಿಸುವುದು ಹಾಡಿನಲ್ಲಿ, ಒಪ್ಪಿಕೊಳ್ಳುವುದು ಹಾಡಿನಲ್ಲಿ. ಮಾತಿನ ಕೆಲಸವನ್ನೆಲ್ಲ ಹಾಡು ಮಾಡುತ್ತದೆ. ಕತ್ತರಿ ಹಿಡಿದು ಕೂತರೆ ಎಲ್ಲಿ ಹಾಕಬೇಕೆಂದೇ ತಿಳಿಯದು. ಹುಡುಗರು ಮಾತಾಡುವ ಕನ್ನಡದಲ್ಲೇ ಹಾಡು ಬರೆಯಬಹುದು ಎಂದು ತೋರಿಸಿದ್ದು ಸಣ್ಣ ಕೆಲಸವೇ? ದಾವಣಗೆರೆಯಲ್ಲಿ ಆ ಕ್ಯಾಸೆಟ್ಟು ಕೇಳಿಸದ ಹೋಟೆಲಿರಲಿಲ್ಲ, ಮಂಡಕ್ಕಿ ಮಿರ್ಚಿ ಗಾಡಿಯಿರಲಿಲ್ಲ.

ಅದೇ ಹಂಸಲೇಖ 1995ರಲ್ಲಿ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರಕ್ಕೆ ಸಂಗೀತ ಕೊಟ್ಟು ರಾಷ್ಟ್ರಪ್ರಶಸ್ತಿ ಪಡೆದರು. ಅದರಲ್ಲಿ ಹಾಡಿದ್ದಕ್ಕೆ ಎಸ್.ಪಿ.ಬಿ. ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಚಿತ್ರ ನಿರ್ಮಿಸಿದ ಚಿಂದೋಡಿ ಲೀಲಾ, ನಿರ್ದೇಶಿಸಿದ ಚಿಂದೋಡಿ ಬಂಗಾರೇಶ್ ನಮ್ಮ ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯ ಮನೆತನದವರು. ಊರಿನ ಹೊಸ ತಲೆಮಾರಿಗೆ ಇದು ತಿಳಿದೇ ಇಲ್ಲ ಎಂಬುದು ನನ್ನ ಸಂಕಟ. ನಾನಿಲ್ಲಿ ಆ ಚಿತ್ರದ ಮಾತೆತ್ತಿದ್ದಕ್ಕೆ ಬೇರೆ ಕಾರಣವೂ ಇದೆ. ಹಾಡು ನಮ್ಮ ಸಿನಿಮಾಕ್ಕೆ ಎಲ್ಲಿಂದ ಬಂತು? 1934ರಲ್ಲಿ ‘ಸತಿ ಸುಲೋಚನಾ’ ಕನ್ನಡದ ಮೊದಲ ಮಾತಿನ ಚಿತ್ರವಾಗಿ ಬಂದಾಗ ಅದರಲ್ಲಿ ಇದ್ದವರು ರಂಗಭೂಮಿಯ ಜನ. ಕಂಪನಿ ನಾಟಕದಲ್ಲಿ ರಾಜ ಯುದ್ಧಕ್ಕೆ ಹೊರಡುವಾಗ ಹಾಡುತ್ತಾನೆ, ಸಾಯುವಾಗಲೂ ಹಾಡುತ್ತಾನೆ, ಜನ ಒನ್ಸ್ ಮೋರ್ ಎಂದರೆ ಸತ್ತವನು ಎದ್ದು ಮತ್ತೆ ಹಾಡುತ್ತಾನೆ. ಅದಕ್ಕೂ ಹಿಂದೆ ದೊಡ್ಡಾಟವಿತ್ತು, ಬಯಲಾಟವಿತ್ತು. ನಮ್ಮ ಜನ ಕಥೆಯನ್ನು ಹಾಡಿನಲ್ಲೇ ಕೇಳಿ ಬೆಳೆದವರು. ಬೇರೆ ದೇಶದ ಚಿತ್ರಗಳು ಹಾಡಿಲ್ಲದೆ ಬೆಳೆದಿದ್ದರೆ ಅದು ಅವರ ದಾರಿ. ಆ ಚಿತ್ರಗಳನ್ನು ನಾನೂ ಮೆಚ್ಚಿ ನೋಡಿದ್ದೇನೆ. ಅದಕ್ಕಾಗಿ ನಮ್ಮ ಮನೆಯ ಬಾಗಿಲು ಮುಚ್ಚಬೇಕಿಲ್ಲ.

ಚಿತ್ರಗೀತೆಯಲ್ಲದ ಹಾಡುಗಳ ಬಗ್ಗೆಯೂ ಒಂದಿಷ್ಟು ಹೇಳುತ್ತೇನೆ. ನನ್ನ ಮನೆಯ ಕಪಾಟಿನಲ್ಲಿ ಈಗಲೂ ಇರುವ ಕ್ಯಾಸೆಟ್ಟುಗಳಲ್ಲಿ ಮೊದಲನೆಯದು 1978ರ ‘ನಿತ್ಯೋತ್ಸವ’. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ. ಇದನ್ನು ನಡುವೆ ಎಲ್ಲಿಂದಲೋ ಕೇಳಬಾರದು. ಮೊದಲಿನಿಂದ ಹಾಕಿ, ಬದಿ ಮುಗಿದಾಗ ಎದ್ದು ಮಗುಚಿ ಹಾಕಿ, ಕೊನೆಯವರೆಗೆ ಕೇಳಬೇಕು. ಕ್ಯಾಸೆಟ್ಟಿಗೆ ಎರಡು ಬದಿ ಇದ್ದುದರಿಂದ ಎರಡನೆಯ ಬದಿಯನ್ನು ಯಾವ ಹಾಡಿನಿಂದ ಶುರು ಮಾಡಬೇಕು ಎಂದು ಯಾರೋ ತಲೆ ಕೆಡಿಸಿಕೊಂಡಿರುತ್ತಿದ್ದರು. ಆ ಜೋಡಣೆಯೂ ಒಂದು ನಿರ್ದೇಶನವೇ.

ಸಿ. ಅಶ್ವತ್ಥ್ ಅವರ ಶಿಶುನಾಳ ಶರೀಫರ ಹಾಡುಗಳು ನನಗೆ ಬಹಳ ಹತ್ತಿರ. ಹರಿಹರದ ಹೊಳೆ ದಾಟಿದರೆ ಹಾವೇರಿ ಸೀಮೆ, ಶರೀಫರ ನೆಲ. ‘ಕೋಡಗನ ಕೋಳಿ ನುಂಗಿತ್ತ’, ‘ಸೋರುತಿಹುದು ಮನೆಯ ಮಾಳಿಗಿ’, ‘ಬಿದ್ದೀಯಬ್ಬೆ ಮುದುಕಿ’ ಇವೆಲ್ಲ ಅಶ್ವತ್ಥ್ ಹಾಡುವ ಮೊದಲೇ ನಮ್ಮ ಹಳ್ಳಿಗಳ ಭಜನೆಯಲ್ಲಿದ್ದ ಪದಗಳು. ದಮ್ಮಡಿ, ತಾಳ, ಏಕತಾರಿಯಲ್ಲಿ ಕೇಳಿದ್ದನ್ನು ಅವರು ಎದೆ ಬಿರಿಯುವಂತೆ ಹಾಡಿದಾಗ ಕೆಲವು ಹಿರಿಯರಿಗೆ ಇದು ಜಾಸ್ತಿಯಾಯಿತು ಅನ್ನಿಸಿತ್ತು. ನನಗೆ ಅನ್ನಿಸಲಿಲ್ಲ. ಶರೀಫರ ಪದದೊಳಗೆ ಒಂದು ಕೂಗು ಇದೆ, ಅದನ್ನು ಅಶ್ವತ್ಥ್ ಹೊರಗೆ ತಂದರು.

1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಶರೀಫ’ ಚಿತ್ರ ಮಾಡಿದಾಗ ನಿರ್ದೇಶಕನ ಕೆಲಸ ಏನು ಎಂಬುದು ನನಗೆ ಇನ್ನಷ್ಟು ಸ್ಪಷ್ಟವಾಯಿತು. ಶರೀಫರು ಯಾವ ಪದವನ್ನು ಯಾವ ದಿನ, ಯಾವ ನೋವಿನಲ್ಲಿ ಕಟ್ಟಿದರು ಎಂದು ಇಸವಿ ಹಾಕಿ ಇಟ್ಟವರಿಲ್ಲ. ಪದಗಳು ಬಿಡಿ ಮುತ್ತು. ಅವನ್ನು ಒಂದು ಬದುಕಿನ ಏರಿಳಿತಕ್ಕೆ ಹೊಂದಿಸಿ, ಈ ಮಾತು ಇವನ ಬಾಯಲ್ಲಿ ಈ ಗಳಿಗೆಯಲ್ಲೇ ಹುಟ್ಟಿತು ಎಂದು ನಂಬುವಂತೆ ಮಾಡಿದರು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡ್ ಗುರು ಗೋವಿಂದಭಟ್ಟರಾಗಿ ನಿಂತರು. ರಾಷ್ಟ್ರೀಯ ಭಾವೈಕ್ಯದ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕ್ಯಾಸೆಟ್ಟಿನಲ್ಲಿ ನೂರು ಸಲ ಕೇಳಿದ ಪದವನ್ನು ಚಿತ್ರದಲ್ಲಿ ಕೇಳಿ, ಅದು ಅಲ್ಲಿಯವರೆಗೆ ನನಗೆ ಅರ್ಥವೇ ಆಗಿರಲಿಲ್ಲ ಎನ್ನಿಸಿದ್ದು ನಾಗಾಭರಣರಿಂದ. ಎರಡು ವರ್ಷದ ಮೇಲೆ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನು ಹಿಡಿದು ‘ಮೈಸೂರ ಮಲ್ಲಿಗೆ’ ಚಿತ್ರವನ್ನೂ ಅವರೇ ಮಾಡಿದರು, ಅದಕ್ಕೂ ಅಶ್ವತ್ಥರೇ ಸಂಗೀತ. ಕವನ ಸಂಕಲನವನ್ನು ಸಿನಿಮಾ ಮಾಡುವ ಧೈರ್ಯ ಹಾಡಿನ ಮೇಲೆ ನಂಬಿಕೆ ಇರುವವರಿಗೆ ಮಾತ್ರ ಬರುತ್ತದೆ.

ನಾನು ಖುಷಿಯಿಂದ ಕತ್ತರಿಸಿದ ಹಾಡುಗಳೂ ಇವೆ, ಅದನ್ನು ಹೇಳದಿದ್ದರೆ ನ್ಯಾಯವಾಗದು. ಹಳ್ಳಿಯ ಬಡ ಹುಡುಗ ಹುಡುಗಿ ಕಣ್ಣು ಮುಚ್ಚಿ ಬಿಟ್ಟರೆ ಸ್ವಿಟ್ಜರ್‌ಲೆಂಡಿನ ಹಿಮದಲ್ಲಿ ನಿಂತಿರುತ್ತಾರೆ, ಮೈಮೇಲೆ ತೆಳ್ಳನೆಯ ಬಟ್ಟೆ. ಖಳನಾಯಕನ ಅಡ್ಡೆಯಲ್ಲಿ ಕಥೆಗೆ ಸಂಬಂಧವೇ ಇಲ್ಲದ ಹೆಣ್ಣೊಬ್ಬಳು ಬಂದು ಕುಣಿದು ಹೋಗುತ್ತಾಳೆ. ಇಂಥವು ಬಂದಾಗ ಜನ ಬೀಡಿಗೆ ಎದ್ದರೆ ತಪ್ಪು ಜನರದಲ್ಲ. ಈ ವಿಷಯದಲ್ಲಿ ಓದುಗರೊಂದಿಗೆ ನಾನು ನಿಲ್ಲುತ್ತೇನೆ.

ಹೊಸಬರಲ್ಲೂ ಕಿವಿಯುಳ್ಳವರು ಇದ್ದಾರೆ. 2006ರಲ್ಲಿ ‘ಮುಂಗಾರು ಮಳೆ’ ಬಂದಾಗ, ಮನೋಮೂರ್ತಿಯವರ ರಾಗಕ್ಕೆ ಜಯಂತ ಕಾಯ್ಕಿಣಿ ಬರೆದ ‘ಅನಿಸುತಿದೆ ಯಾಕೋ ಇಂದು’ ಶುರುವಾದರೆ ಹೊರಗಿದ್ದವರು ಒಳಗೆ ಓಡಿಬರುತ್ತಿದ್ದುದನ್ನು ನಾನು ಮತ್ತೆ ಕಂಡೆ. ಈಚೆಗೆ ಫೋನಿನಲ್ಲಿ ನೋಡಿದ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ (2021) ನನ್ನನ್ನು ಅಲುಗಾಡಿಸಿತು. ಮಂಗಳೂರಿನ ರೌಡಿಗಳ ರಕ್ತದ ಕಥೆಯೊಳಗೆ ‘ಸೋಜುಗಾದ ಸೂಜು ಮಲ್ಲಿಗೆ’ ಎಂಬ ಮಾದಪ್ಪನ ಪದವನ್ನು ತಂದಿಟ್ಟಿದ್ದಾರೆ. ಚೈತ್ರಾ ಜೆ. ಆಚಾರ್ ಹಾಡಿದ್ದಾರೆ. ಹೊಡೆದಾಟದ ಚಿತ್ರಕ್ಕೆ ದೇವರ ಪದ ಯಾಕೆ ಎಂದು ಕೇಳುವವರು ಅದನ್ನು ತೆಗೆದು ನೋಡಲಿ, ಉಳಿಯುವುದು ಬರೀ ಹೊಡೆದಾಟ.

ಸಂಪಾದಕರೇ, ನನ್ನ ಕೋರಿಕೆ ಎರಡು. ಹಳೆಯ ಕನ್ನಡ ಚಿತ್ರಗಳನ್ನು ಟಿ.ವಿ.ಯಲ್ಲಿ ಹಾಕುವಾಗ ಜಾಹೀರಾತಿಗೆ ಜಾಗ ಮಾಡಲು ಹಾಡುಗಳನ್ನು ಕತ್ತರಿಸುತ್ತಿದ್ದಾರೆ. ಟೆಂಟಿನ ಮಾಲೀಕರು ಕತ್ತರಿಸಿದ ತುಂಡು ಡಬ್ಬಿಯಲ್ಲೇ ಇರುತ್ತಿತ್ತು, ಚಿತ್ರ ಬೇರೆ ಊರಿಗೆ ಹೋಗುವ ಮುಂಚೆ ನಾನು ಮತ್ತೆ ಅಂಟಿಸಿ ಕಳಿಸುತ್ತಿದ್ದೆ. ಟಿ.ವಿ.ಯಲ್ಲೇ ಮೊದಲ ಸಲ ‘ಶರಪಂಜರ’ ನೋಡುವ ಹುಡುಗಿಗೆ ಹಾಡಿಲ್ಲದ್ದೇ ‘ಶರಪಂಜರ’ ಆಗಿಬಿಡುತ್ತದೆ. ಇದರ ವಿರುದ್ಧ ನಿಮ್ಮ ಪತ್ರಿಕೆ ಬರೆಯಬೇಕು.

ಎರಡನೆಯದು ನಿಮ್ಮ ಕೈಯಲ್ಲೇ ಇದೆ. ನಿಮ್ಮ ಚಿತ್ರವಿಮರ್ಶೆಗಳ ಕೊನೆಯಲ್ಲಿ ತಾರಾಗಣ, ನಿರ್ಮಾಪಕ, ನಿರ್ದೇಶಕರ ಹೆಸರಿರುತ್ತದೆ. ಸಂಗೀತ ನಿರ್ದೇಶಕರ ಹೆಸರು ಒಮ್ಮೊಮ್ಮೆ ಇರುತ್ತದೆ. ಹಾಡು ಬರೆದವರ ಹೆಸರು ಇರುವುದೇ ಇಲ್ಲ. ಫೋನಿನಲ್ಲಿ ಹಾಡು ಕೇಳುವ ನನ್ನ ಮೊಮ್ಮಗಳಿಗೆ ಓಬವ್ವನ ಹಾಡು ಬಾಯಿಪಾಠ, ಬರೆದವರು ಯಾರು ಎಂದು ಕೇಳಿದರೆ ವಿಷ್ಣುವರ್ಧನ್ ಎನ್ನುತ್ತಾಳೆ. ತಪ್ಪು ಅವಳದಲ್ಲ, ಅವಳ ಕಣ್ಣಿಗೆ ಬೀಳುವ ಕಡೆ ಚಿ. ಉದಯಶಂಕರ್ ಹೆಸರನ್ನು ಯಾರೂ ಅಚ್ಚು ಹಾಕಿಲ್ಲ. ವಿಮರ್ಶೆಯ ಕೆಳಗೆ ಎರಡೇ ಸಾಲು ಸಾಕು: ಹಾಡು ಯಾರು ಬರೆದರು, ಯಾರು ರಾಗ ಹಾಕಿದರು, ಯಾರು ಹಾಡಿದರು, ಧ್ವನಿಗ್ರಹಣ ಯಾರದು. ಬರುವ ಶುಕ್ರವಾರದ ವಿಮರ್ಶೆಯಿಂದಲೇ ಇದನ್ನು ಶುರು ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಿನಿಮಾ ಆಪರೇಟರ್,
ದಾವಣಗೆರೆ